ಹೆಡ್‌ಫೋನ್ ನನ್ನ ಕಿವಿಯಲ್ಲಿತ್ತು

ಸಿಂಧನೂರಿನಿಂದ ಲಿಂಗಸುಗೂರಿನವರೆಗೆ ನಾನು ಮೈಕ್ ಕಟ್ಟದ ಮದುವೆ ಮನೆ ಯಾವುದಾದರೂ ಇದ್ದರೆ ತೋರಿಸಿ, ಈ ಮೀಸೆಯನ್ನು ನಿಮ್ಮ ಮುಂದೆಯೇ ಬೋಳಿಸಿಕೊಳ್ಳುತ್ತೇನೆ. ಬೇವಿನ ಮರ ಹತ್ತಿ ಹಾರ್ನ್ ಬಿಗಿದು ಆಂಪ್ಲಿಫೈಯರಿನ ಕಿವಿ ಹಿಂಡಿದೆನೆಂದರೆ, ತುರ್ವಿಹಾಳದಲ್ಲಿ ಹಚ್ಚಿದ ಹಾಡಿಗೆ ಕಾಲುವೆಯ ಆಚೆ ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು. ದಢೇಸುಗೂರಿನ ಒಬ್ಬ ರೈತ ತನ್ನ ಎತ್ತುಗಳು ನನ್ನ ಹಾರ್ನಿಗೆ ಬೆದರಿ ಹಗ್ಗ ಹರಿದುಕೊಂಡು ಓಡಿದವೆಂದು ಜಗಳಕ್ಕೆ ಬಂದಿದ್ದ. ಅವನಿಗೆ ಚಹಾ ಕುಡಿಸಿದೆ, ಅವನ ಮಗನ ಮದುವೆಗೂ ನಾನೇ ಮೈಕ್ ಕಟ್ಟಿದೆ. ಸದ್ದು ಎಂಬುದು ನನ್ನ ಮಾತು ಕೇಳುತ್ತಿತ್ತು. ಎಲ್ಲಿಗೆ ಹೋಗೆಂದರೆ ಅಲ್ಲಿಗೆ ಹೋಗುತ್ತಿತ್ತು.

ಇಂಥ ನನ್ನನ್ನು ಈ ವಯಸ್ಸಿನಲ್ಲಿ ಸೋಲಿಸಿದ್ದು ಕಂಪ್ಯೂಟರಿನ ಮೂಲೆಯಲ್ಲಿ ಜೋಳದ ಕಾಳಿನಷ್ಟು ಕಾಣುವ ಒಂದು ಸ್ಪೀಕರಿನ ಚಿತ್ರ.

ಕಂಪ್ಯೂಟರ್ ನಮ್ಮ ಮನೆಗೆ ಬಂದದ್ದು ಮಗಳಿಂದ. ಅವಳು ಲಿಂಗಸುಗೂರಿನಲ್ಲಿ ಶಾಲೆಯ ಮೇಡಂ. ಹೊಸದು ಕೊಂಡಾಗ ಹಳೆಯದನ್ನು ತಂದು ನಮ್ಮ ಪಡಸಾಲೆಯಲ್ಲಿಟ್ಟು, "ಅಪ್ಪಾ, ಸುಮ್ಕ ಕುಂತು ಮಂದಿಗೆ ಕಾಡೋದಕ್ಕಿಂತ ಇದರಾಗ ಏನರ ನೋಡ್ಕೋತ ಇರು" ಎಂದಳು. ನಾನು ನೋಡಿಕೊಂಡೆ. ಮಂದಿಗೆ ಕಾಡಲು ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲವೆಂದು ವಾರದೊಳಗೇ ಗೊತ್ತಾಯಿತು.

ಸಿಂಧನೂರಿನ ನಮ್ಮ ಮನೆ ಮಸ್ಕಿ ರಸ್ತೆಗೆ ಮುಖ ಮಾಡಿದೆ. ಎದುರಿಗೆ ಚಹಾದಂಗಡಿ. ಬಸ್ಸಿಗೆ ಕಾಯುವವರೆಲ್ಲ ಅಲ್ಲೇ ಕೂರುತ್ತಾರೆ. ನಾನು ಒಂದು ದಿನ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೂಗುವುದನ್ನೂ ಬಸ್ಸಿನ ಹಾರ್ನನ್ನೂ ಮೊಬೈಲಿನಲ್ಲಿ ಹಿಡಿದು ತಂದು ಕಂಪ್ಯೂಟರಿಗೆ ಹಾಕಿದೆ. ಸ್ಪೀಕರುಗಳನ್ನು ಕಿಟಕಿಯ ಮೇಲಿಟ್ಟೆ. ಮಧ್ಯಾಹ್ನ ಅಂಗಡಿ ತುಂಬಿದಾಗ ಹಚ್ಚಿದೆ ನೋಡಿ: "ಮಸ್ಕಿ ಮಸ್ಕಿ ಮಸ್ಕಿ, ಲಿಂಗಸುಗೂರ, ಹಟ್ಟಿ, ಹತ್ರೀ ಜಲ್ದಿ!" ಒಬ್ಬ ಅರ್ಧ ಚಹಾ ಬಿಟ್ಟು ಓಡಿದ. ಒಬ್ಬಾಕೆ ಚೀಲ ತಲೆಯ ಮೇಲೆ ಹೊತ್ತು ರಸ್ತೆಗೇ ಬಂದು ಅತ್ತ ಇತ್ತ ನೋಡಿದಳು. ರಸ್ತೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಏನೂ ಇರಲಿಲ್ಲ.

ಆ ಸಂಜೆಯೇ ನನ್ನ ಹೆಂಡತಿ ಮಗಳಿಗೆ ಫೋನ್ ಮಾಡಿ ಹೆಡ್‌ಫೋನ್ ತರಿಸಿದಳು. "ಏನ್ ಕೇಳ್ತೀರೋ ಅದನ್ನ ಇನ್ನ ನಿಮ್ಮ ಕಿವ್ಯಾಗ ಕೇಳ್ರಿ. ಊರ ಕಿವಿಗೆ ಯಾಕ ಬೇಕು?" ಎಂದಳು.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಸ್ಪೀಕರಿನ ಪಿನ್ನು ಡಬ್ಬಿಯ ಹಿಂದೆ, ಹೆಡ್‌ಫೋನಿನ ಪಿನ್ನು ಮುಂದೆ. ಪಿನ್ನು ಚುಚ್ಚಿದರೆ ಸದ್ದು ಅಲ್ಲಿಗೆ ಹೋಗಬೇಕು. ಕಿತ್ತರೆ ವಾಪಸ್ ಬರಬೇಕು. ಇದು ನ್ಯಾಯ. ಆದರೆ ಈ ಡಬ್ಬಿಗೆ ನ್ಯಾಯ ಗೊತ್ತಿಲ್ಲ. ಒಂದು ದಿನ ಚುಚ್ಚಿದ ಕೂಡಲೇ ಕಿವಿಗೆ ಬರುತ್ತದೆ. ಮರುದಿನ ಅದೇ ಪಿನ್ನು, ಅದೇ ತೂತು, ಅದೇ ನಾನು. ಸದ್ದು ಸ್ಪೀಕರಿನಲ್ಲೇ ಕೂತು ಜಪ್ಪಯ್ಯ ಅಂದರೂ ಏಳುವುದಿಲ್ಲ. ಕೆಲವೊಮ್ಮೆ ಪರದೆಯ ಮೇಲೆ ಒಂದು ಚೌಕ ಹಾರಿ ಬಂದು, ನೀವು ಈಗ ಚುಚ್ಚಿದ್ದು ಏನು ಎಂದು ನನ್ನನ್ನೇ ಕೇಳುತ್ತದೆ. ಅಲ್ಲಪ್ಪಾ, ನಿನ್ನ ಹೊಟ್ಟೆಯೊಳಗೆ ಏನು ಹೋಯಿತೆಂದು ನಿನಗೇ ಗೊತ್ತಿಲ್ಲದಿದ್ದರೆ ನಾನೇನು ಹೇಳಲಿ? ಇದೆಲ್ಲಕ್ಕಿಂತ ಸಿಟ್ಟು ತರಿಸುವುದು ಇನ್ನೊಂದು. ಸದ್ದು ಕಳಿಸಲು ಅದರ ಹತ್ತಿರ ಮೂರು ಜಾಗಗಳ ಹೆಸರುಗಳಿವೆ: ಸ್ಪೀಕರ್, ಹೆಡ್‌ಫೋನ್, ಮಾನಿಟರ್. ನಮ್ಮ ಮಾನಿಟರಿಗೆ ಸ್ಪೀಕರೇ ಇಲ್ಲ. ಬಾಯಿಯೇ ಇಲ್ಲದವನಿಗೆ ಹಾಡಲು ಹೇಳಿ ಇದು ಕೈಕಟ್ಟಿ ಕೂರುತ್ತದೆ.

ನನ್ನದೊಂದು ಪದ್ಧತಿ ಉಂಟು, ಅದನ್ನೂ ಹೇಳಿಬಿಡುತ್ತೇನೆ. ಮೈಕ್ ಸೆಟ್ಟಿನವರು ಯಾರೂ ಸೆಟ್ ಚಾಲೂ ಇರುವಾಗ ಸ್ಪೀಕರಿನ ವೈರ್ ಕೀಳುವುದಿಲ್ಲ. ನಮ್ಮ ಕಾಲದ ಆಂಪ್ಲಿಫೈಯರಿಗೆ ಹಾಗೆ ಮಾಡಿದರೆ ಒಳಗಿನ ಸಾಮಾನು ಸುಟ್ಟು ಕರಕಲಾಗುತ್ತಿತ್ತು. ಮೊದಲು ಕರೆಂಟ್ ಬಂದ್, ಆಮೇಲೆ ವೈರಿಗೆ ಕೈ. ಇದನ್ನು ನನ್ನ ಕೈಗೆ ಯಾರೂ ಹೇಳಬೇಕಿಲ್ಲ, ಅದು ತಾನೇ ಮಾಡುತ್ತದೆ. ಹಾಗಾಗಿ ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಬರಬೇಕೆಂದರೆ ನಾನು ಕಂಪ್ಯೂಟರ್ ಬಂದ್ ಮಾಡಿ, ಪಿನ್ನು ಕಿತ್ತು, ಮತ್ತೆ ಚಾಲೂ ಮಾಡುತ್ತಿದ್ದೆ.

"ಅಪ್ಪಾ, ಇದಕ್ಕ ಹಂಗ ಬೇಕಾಗಂಗಿಲ್ಲ, ಚಾಲೂ ಇದ್ದಾಗ ಕೀಳಬೌದು" ಎಂದಿದ್ದಳು ಮಗಳು.

"ನಿನಗ ಕಾಲೇಜಿನಾಗ ಹಾರ್ನ್ ಕಟ್ಟೋದು ಕಲಿಸ್ಯಾರೇನು?" ಎಂದು ನಾನು ಬಾಯಿ ಮುಚ್ಚಿಸಿದ್ದೆ.

ಈಗ ನನ್ನ ಹೆಂಡತಿಯ ವಿಷಯ. ಅವಳು, ಮಸ್ಕಿಯಲ್ಲಿರುವ ಅವಳ ಅಕ್ಕ, ತುರ್ವಿಹಾಳದ ಅವಳ ಗೆಳತಿ, ಈ ಮೂವರೂ ಮದುವೆ ಮನೆಗಳಲ್ಲಿ ಸೋಬಾನ ಪದ ಹೇಳುವವರು. ಒಬ್ಬರು ಎತ್ತಿಕೊಟ್ಟರೆ ಇಬ್ಬರು ಹಿಡಿಯುತ್ತಾರೆ. ಅವರ ಹತ್ತಿರ ಅರಿಷಿಣ ಹಚ್ಚುವ ಹೊತ್ತಿನ ಒಂದು ಹಾಡಿದೆ. ಮದುಮಗಳನ್ನು ಕಳಿಸುವಾಗ ಅಪ್ಪ ಏನಂದ, ಅಣ್ಣ ಏನಂದ, ಸೋದರಮಾವ ಏನಂದ ಎಂದು ನುಡಿ ನುಡಿಯಾಗಿ ಬರುತ್ತದೆ. ಅಷ್ಟು ಹೊತ್ತೂ ತಾಯಿ ಮಾತ್ರ ಸುಮ್ಮನೆ ಅರಿಷಿಣ ಕಲಸುತ್ತಿರುತ್ತಾಳೆ. ಕಟ್ಟಕಡೆಯ ನುಡಿಯಲ್ಲಿ ಅವಳು ಬಾಯಿ ಬಿಡುತ್ತಾಳೆ. ಆ ನುಡಿ ಸರಿಯಾಗಿ ಬರುವುದು ಮಸ್ಕಿಯ ಅಕ್ಕನಿಗೆ ಒಬ್ಬಳಿಗೇ. ಅಕ್ಕನಿಗೆ ವಯಸ್ಸಾಗಿದೆ, ವರ್ಷದಿಂದ ವರ್ಷಕ್ಕೆ ಉಸಿರು ಸಾಲುತ್ತಿಲ್ಲ. ಆಕೆಯ ದನಿ ಇರುವಷ್ಟರಲ್ಲಿ ಈ ಹಾಡನ್ನು ಎಲ್ಲಾದರೂ ಚೊಕ್ಕಾಗಿ ಹಿಡಿದಿಡಬೇಕೆಂಬುದು ನನ್ನ ಹೆಂಡತಿಯ ಆಸೆ. ಮೊಬೈಲಿನಲ್ಲಿ ಹಿಡಿದಿದ್ದಳು, ಅದರಲ್ಲಿ ಫ್ಯಾನಿನ ಸದ್ದೂ ನನ್ನ ಕೆಮ್ಮೂ ಹಾಡಿಗಿಂತ ಚೆನ್ನಾಗಿ ಬಂದಿದ್ದವು.

ಹಳೆಯ ಹಾಡುಗಳನ್ನು ಕೂಡಿಸಿಡುವ ಯಾವುದೋ ಸಂಸ್ಥೆಯಿದೆ ಎಂದು ಮಗಳೇ ಹುಡುಕಿ ಈ ಮೂವರ ಹೆಸರು ಕಳಿಸಿದಳು. ಅವರು ಮೊದಲು ಕಂಪ್ಯೂಟರಿನಲ್ಲೇ ನೋಡಿ ಕೇಳುತ್ತಾರೆ. ಸರಿಬಂದರೆ ಸ್ಟುಡಿಯೋಕ್ಕೆ ಕರೆಸುತ್ತಾರೆ. ಇಲ್ಲವಾದರೆ ಅಷ್ಟೇ.

"ಸೌಂಡಿನ ಚಿಂತಿ ಬಿಡ್ರಿ. ನಾ ಅದೀನಿ" ಎಂದೆ.

"ಅದ ನನ್ನ ಚಿಂತಿ" ಎಂದಳು ನನ್ನ ಹೆಂಡತಿ. "ಹಿಂದೆಲ್ಲ ಮದುವ್ಯಾಗ ನಿಮ್ಮ ಹಾರ್ನಿನ ಕೆಳಗ ಕುಂತು ಹಾಡಿದ್ದು ನಮ್ಮ ಕಿವಿಗೆ ನಮಗ ಕೇಳಿಲ್ಲ. ಅವತ್ತೊಂದಿನ ಕೈ ಬಿಗಿ ಹಿಡೀರಿ."

"ನನ್ನ ಹಾರ್ನ್ ಇರಲಿಲ್ಲ ಅಂದ್ರ ಆ ಮದುವಿಗೆ ಮಂದಿನ ಬರ್ತಿರಲಿಲ್ಲ!"

"ಊಟ ಇತ್ತಲ್ರಿ, ಬರ್ತಿದ್ರು."

ಅವರು ಹೇಳಿದ ದಿನ ಮಧ್ಯಾಹ್ನ ಮೂವರೂ ಇಳಕಲ್ ಸೀರೆಯುಟ್ಟು ಕಂಪ್ಯೂಟರಿನ ಮುಂದೆ ಚಾಪೆ ಹಾಸಿ ಕೂತರು. ಮಗಳು ಮಾನಿಟರಿನ ನೆತ್ತಿಗೆ ಸಿಕ್ಕಿಸಿದ್ದ, ಮೈಕೂ ಇರುವ ಕ್ಯಾಮೆರಾದಲ್ಲಿ ಮೂವರ ಮುಖವೂ ಬರಲೆಂದು ನಾನು ಮಾನಿಟರಿನ ಕೆಳಗೆ ಜೋಳ ಅಳೆಯುವ ಸೇರು ಬೋರಲು ಹಾಕಿದ್ದೆ. ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಒಬ್ಬ ಮೇಡಂ ಬಂದಳು. ಕನ್ನಡಕ, ಗಿಡ್ಡ ಕೂದಲು, ನಮ್ಮ ಮಗಳ ವಯಸ್ಸು. ನಮಸ್ಕಾರ ಎಂದಳು. ಅವಳ ನಮಸ್ಕಾರ ಸ್ಪೀಕರಿನಿಂದ ಹೊರಟು ನಮ್ಮ ಮೈಕಿಗೆ ಹೊಕ್ಕು ಮತ್ತೆ ಅವಳಿಗೇ ಹೋಗಿ ಬಡಿಯಿತು.

"ನಮ್ಮ ಮಾತು ನಮಗೇ ವಾಪಸ್ ಬರ್ತಾ ಇದೆ. ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕ್ಕೊಳ್ತೀರಾ?" ಎಂದಳು.

ಸದ್ದು ತಿರುಗಿ ಬರುವ ರೋಗ ನನಗೆ ಗೊತ್ತಿಲ್ಲದ್ದೇ? ಎಷ್ಟೋ ಮಂಟಪಗಳಲ್ಲಿ ಅದನ್ನು ಕಿವಿ ಹಿಡಿದು ಕೂರಿಸಿದ್ದೇನೆ. "ಈಗ ಮಾಡ್ತೀನ್ರಿ ಮೇಡಂ" ಎಂದು ಎದ್ದೆ. ಹೆಡ್‌ಫೋನ್ ಚುಚ್ಚಬೇಕು, ಸ್ಪೀಕರ್ ಕೀಳಬೇಕು. ನನ್ನ ಎಡಗೈ ಪಿನ್ನಿನ ಕಡೆ ಹೋಯಿತು. ಬಲಗೈ, ನಾನು ಹೇಳದೆಯೇ, ಕಂಪ್ಯೂಟರಿನ ಗುಂಡಿಯ ಕಡೆ ಹೋಗಿ ಒತ್ತಿಬಿಟ್ಟಿತು.

ಮೇಡಂ ಮಾಯವಾದಳು.

"ಏನ್ ಮಾಡಿದ್ರಿ?" ನನ್ನ ಹೆಂಡತಿಯ ದನಿ ಕೇಳಿದರೆ ಆ ದಢೇಸುಗೂರಿನ ಎತ್ತುಗಳು ಇನ್ನೊಮ್ಮೆ ಹಗ್ಗ ಹರಿಯುತ್ತಿದ್ದವು.

"ಚಾಲೂ ಇದ್ದಾಗ ವೈರ್ ಕೀಳಬಾರದು."

"ಮೇಡಂನ್ನ ಬಂದ್ ಮಾಡ್ಯಾನವ್ವ ಈ ಮೈಕಪ್ಪ!" ಎಂದಳು ಮಸ್ಕಿಯ ಅಕ್ಕ. ನಾನು ಮದುವೆಯಾದಂದಿನಿಂದ ಆಕೆ ನನ್ನನ್ನು ಕರೆಯುವುದೇ ಹಾಗೆ.

ಪಿನ್ನು ಬದಲಿಸಿ ಮತ್ತೆ ಗುಂಡಿ ಒತ್ತಿದೆ. ಡಬ್ಬಿ ಗುರುಗುಟ್ಟಿತು. ನೀಲಿ ಪರದೆ ಬಂತು, ಅದರ ಮೇಲೆ ಸುತ್ತುವ ಚುಕ್ಕೆಗಳು ಮತ್ತು ಒಂದು ಸಾಲು.

"ಏನ್ ಬರದೈತಿ ಅಣ್ಣಾರ ಅದರಾಗ?" ಎಂದು ತುರ್ವಿಹಾಳದ ಗೆಳತಿ ಕೇಳಿದಳು.

"ಹೊಸದೇನೋ ಹಾಕ್ಕೊಳ್ಳಾಕತ್ತೈತಂತ. ನಡುವ ಬಂದ್ ಮಾಡಬ್ಯಾಡ್ರಿ ಅಂತೈತಿ."

"ಬಂದ್ ಮಾಡಿದ ಮ್ಯಾಲ ಹೇಳತೈತಲ್ರಿ!"

ಇದನ್ನೇ ನಾನು ಹೇಳುವುದು. ವರ್ಷವಿಡೀ ಖಾಲಿ ಕೂತಿರುತ್ತದೆ. ನಾನು ಸುಮ್ಮನೆ ಮಲಗಿದ್ದಾಗ ಹೊಸದೇನು ಬೇಕೋ ಹಾಕಿಕೊಳ್ಳಬಾರದೆ? ಮನೆಗೆ ಬೀಗರು ಬಂದು ಎಲೆಯ ಮುಂದೆ ಕೂತಾಗ ಅಡುಗೆ ಮನೆಗೆ ಸುಣ್ಣ ಹಚ್ಚುವವರಂತೆ, ಸರಿಯಾಗಿ ಅದೇ ಹೊತ್ತಿಗೆ ಶುರುಮಾಡುತ್ತದೆ. ನನ್ನ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಅಕ್ಕ ಕೆಮ್ಮಿದಾಗಲೆಲ್ಲ ಅವಳು ನೀರಿನ ಚೆಂಬು ಅತ್ತ ಸರಿಸುತ್ತಿದ್ದಳು. ದನಿ ಈಗಲೇ ಮುಗಿದುಹೋದರೆ ಎಂಬ ಭಯ ಮುಖದ ಮೇಲೆ ಕಾಣುತ್ತಿತ್ತು.

ಕೊನೆಗೆ ಡಬ್ಬಿ ಎದ್ದಿತು. ಮತ್ತೆ ಕರೆಯೊಳಗೆ ಸೇರಿಕೊಂಡೆ. ಮೇಡಂ ಬಂದಳು. ತುಟಿಗಳು ಆಡುತ್ತಿವೆ, ಮಾತಿಲ್ಲ. ಹೆಡ್‌ಫೋನ್ ಕಿವಿಗೆ ಹಾಕಿದೆ, ಇಲ್ಲ. ತೆಗೆದು ಸ್ಪೀಕರಿನ ಪಿನ್ನನ್ನೂ ಮತ್ತೆ ಚುಚ್ಚಿದೆ, ಇಲ್ಲ. ಮಗಳಿಗೆ ಫೋನ್ ಹಚ್ಚಿದೆ. ಶಾಲೆಯಲ್ಲಿದ್ದಳು, ಹಿಂದೆ ಮಕ್ಕಳ ಗದ್ದಲ.

"ಅಪ್ಪಾ, ಕೆಳಗ ಬಲಗಡಿ ಮೂಲ್ಯಾಗ ಸ್ಪೀಕರಿನ ಚಿತ್ರ ಐತಿಲ್ಲ? ಅದರ ಮ್ಯಾಲ ಒತ್ತು."

"ಒತ್ತೀನಿ. ಒಂದು ಗೀಟು ಬಂತು. ಸದ್ದು ಪೂರಾ ಐತಿ ಅಂತೈತಿ, ಇಲ್ಲಿ ನೋಡಿದ್ರ ಪಿಟ್ ಅನ್ನವಲ್ದು."

"ಗೀಟಿನ ಬಾಜೂಕ ಒಂದು ಬಾಣ ಐತಿ ನೋಡು."

"ಬಾಣ ಗೀಣ ಇಲ್ಲವಾ. ಕುರಿ ಕಿವಿಯಂಥಾದ್ದು ಒಂದೈತಿ."

"ಅದ ಅಪ್ಪಾ, ಅದ ಬಾಣ!"

"ಬಾಣ ಅಂದ್ರ ಬಾಣದ್ಹಂಗ ಇರಬೇಕು. ಯಾವ ಶಾಣ್ಯಾ ಮಾಡ್ಯಾನ ಇದನ್ನ?"

"ಆ ಜಗಳ ನಾಳಿ ಆಡ್ರಿ" ಎಂದಳು ಹೆಂಡತಿ, ಹಲ್ಲು ಕಚ್ಚಿ.

ಕುರಿಯ ಕಿವಿ ಒತ್ತಿದೆ. ಪಟ್ಟಿ ತೆರೆಯಿತು. ನಾನು ಅಂದುಕೊಂಡದ್ದೇ ಆಗಿತ್ತು. ಹೊಸ ಅಂಗಿ ತೊಟ್ಟುಕೊಂಡ ಖುಷಿಯಲ್ಲಿ ಅದು ಸದ್ದನ್ನೆಲ್ಲ ಆ ಬಾಯಿಲ್ಲದ ಮಾನಿಟರಿಗೆ ಕೊಟ್ಟು ಕೂತಿತ್ತು. ಹೆಡ್‌ಫೋನ್ ಎಂಬಲ್ಲಿ ಒತ್ತಿದೆ. "ಸಿಂಧನೂರಿನವರೇ, ಇದ್ದೀರಾ?" ಎಂದು ಮೇಡಂ ನನ್ನ ಕಿವಿಯೊಳಗೇ ಕೇಳಿದಳು.

ಹೆಂಡತಿ ಹೆಡ್‌ಫೋನನ್ನು ನನ್ನಿಂದ ಕಸಿದು ತಾನು ಹಾಕಿಕೊಂಡಳು. ಅಕ್ಕ ಒಂದು ಸಾಲು ಎತ್ತಿ ನೋಡಿದಳು. ಇವಳು ಹಿಡಿಯಲು ಹೋಗಿ ಎಡವಿದಳು. ಕಿವಿ ಮುಚ್ಚಿಕೊಂಡರೆ ಪಕ್ಕದವಳ ದನಿ ಕೇಳುವುದಿಲ್ಲ. ಸೋಬಾನ ಹೇಳುವುದೇ ಪಕ್ಕದವಳ ದನಿಗೆ ಜೋತುಬಿದ್ದು. ತೆಗೆದು ನನ್ನ ತಲೆಗೇ ಹಾಕಿದಳು.

"ಅವ್ರು ಏನಂತಾರ ಅದನ್ನ ಹೇಳ್ರಿ. ನಿಮ್ಮದೊಂದು ಅಕ್ಷರ ಸೇರಿಸಬ್ಯಾಡ್ರಿ, ತೆಗೀಬ್ಯಾಡ್ರಿ. ಅಕ್ಕನ ಆಣಿ."

ಎಲ್ಲಿಗೆ ಬಂತು ನೋಡಿ ನನ್ನ ಬಾಳು. ಊರಿಗೇ ಕೇಳಿಸುವಂತೆ ಸದ್ದು ಹಂಚಿದವನು, ಈಗ ಒಬ್ಬನೇ ಕೇಳಿ ಮೂವರಿಗೆ ಬಾಯಲ್ಲಿ ಹೇಳುವ ತಳವಾರನಾದೆ.

"ಹಾಡಲಿ" ಎಂದಳು ಮೇಡಂ.

"ಹಾಡ್ರಿ" ಎಂದೆ.

ಹಾಡಿದರು. ಅಪ್ಪನ ನುಡಿ ಬಂತು. ಅಣ್ಣನ ನುಡಿ ಬಂತು. ಮೂವರ ಕಣ್ಣೂ ಮುಚ್ಚಿದ್ದವು. ಅಕ್ಕ ಒಂದು ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಿದ್ದಳು. ಆಗ ನನ್ನ ಕಿವಿಯಲ್ಲಿ, "ಸಾಕು ಅಜ್ಜಾ, ಸಾಕು ಅನ್ನಿ. ಈಗಾಗಲೇ ತಡ ಆಗಿದೆ, ಮುಂದಿನ ತಂಡ ಕಾಯ್ತಿದೆ" ಎಂಬ ಮಾತು ಬಂತು.

ತಾಯಿ ಇನ್ನೂ ಅರಿಷಿಣ ಕಲಸುತ್ತಿದ್ದಳು.

ಆ ಕೋಣೆಯಲ್ಲಿ ಆ "ಸಾಕು" ಕೇಳಿದ್ದು ನನಗೊಬ್ಬನಿಗೇ. ಆಣೆ ಇಟ್ಟದ್ದೂ ಆ ಅಕ್ಕನ ಮೇಲೇ. ಅದೇ ಅಕ್ಕನ ಹಾಡನ್ನು ನಡುವೆ ತುಂಡು ಮಾಡುವುದು ಯಾವ ಸೀಮೆಯ ನಿಯತ್ತು? ಮತ್ತೆ, ಇಂಥ ಹೊತ್ತು ಕೈಗೆ ಬಂದಾಗ ಬಿಟ್ಟುಕೊಟ್ಟ ಮನುಷ್ಯನಲ್ಲ ನಾನು. ಮೇಡಂ ಕಡೆ ನೋಡಿ ಕಿವಿ ಮುಟ್ಟಿ, ಕೇಳಿಸುತ್ತಿಲ್ಲ ಎಂದು ಕೈ ಆಡಿಸಿದೆ.

"ಅಜ್ಜಾ, ನನ್ನ ಮಾತು ಕೇಳಿಸ್ತಿಲ್ವಾ?" ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳಿಸಿತು.

ತಲೆ ಅಲ್ಲಾಡಿಸಿದೆ. ಹೆಡ್‌ಫೋನನ್ನು ಬೆರಳಿನಿಂದ ಟಕಟಕ ಬಡಿದೆ. ವೈರನ್ನು ನಡುವೆ ಹಿಡಿದು ಎತ್ತಿ ತೋರಿಸಿ, ಉಫ್ ಎಂದು ಊದಿ ಧೂಳು ಹಾರಿಸಿದೆ. ಪಿನ್ನು ಮಾತ್ರ ಕೀಳಲಿಲ್ಲ. ಕಿತ್ತರೆ ಈ ಲುಚ್ಚಾ ಡಬ್ಬಿ ಅವತ್ತೇ ನ್ಯಾಯ ಕಲಿತು, ಮೇಡಂನ "ಸಾಕು" ಸ್ಪೀಕರಿನಿಂದ ಮನೆಗೆಲ್ಲ ಕೇಳಿಬಿಟ್ಟರೆ? ಅಷ್ಟು ಹೊತ್ತೂ ನನ್ನ ಮಾನ ಕಳೆದಿತ್ತಲ್ಲ ಈ ಡಬ್ಬಿ, ಈಗ ಆ ಸುಳ್ಳಿಗೆ ಸಾಕ್ಷಿಯಾಗಿ ನಿಂತದ್ದೂ ಅದೇ. ಮೇಡಂ ಪಾಲಿಗೆ ಒಮ್ಮೆ ಮಾಯವಾಗಿ, ಒಮ್ಮೆ ಕಿವುಡಾಗಿ ಬಂದ ಮನೆ ಇದು. ಮತ್ತೆ ಕೆಟ್ಟಿತೆಂದರೆ ಯಾರು ನಂಬುವುದಿಲ್ಲ?

ಮೇಡಂ ಕೈ ಬೀಸಿದಳು, ಗಡಿಯಾರ ತೋರಿಸಿದಳು. ಕಣ್ಣು ಮುಚ್ಚಿದವರಿಗೆ ಏನು ಕಾಣಬೇಕು? ಸೋದರಮಾವ ಮುಗಿದ. ತಾಯಿಯ ನುಡಿ ಬಂತು. ಅಕ್ಕನ ಉಸಿರು ನಡುವೆ ಕಡಿಯಿತು; ಆ ಕಡಿದ ಜಾಗದಲ್ಲಿ ನನ್ನ ಹೆಂಡತಿ ದನಿ ಹಚ್ಚಿದಳು, ಅಕ್ಕ ಉಸಿರು ತೆಗೆದುಕೊಂಡು ಮತ್ತೆ ಬಂದು ಸೇರಿದಳು. ಮೇಡಂ ಕೈ ಬೀಸುವುದನ್ನು ಯಾವಾಗ ಬಿಟ್ಟಳೋ ನಾನು ಕಾಣೆ. ಹಾಡು ಮುಗಿದಾಗ ಗದ್ದಕ್ಕೆ ಕೈಕೊಟ್ಟು ಕೂತಿದ್ದಳು.

"ಕಡೇ ನುಡಿ ಎತ್ತಿದವರು ಯಾರು?" ಎಂದಳು.

"ಮಸ್ಕಿಯವ್ರು, ನಮ್ಮ ಮನಿಯಾಕಿ ಅಕ್ಕ" ಎಂದುಬಿಟ್ಟೆ. ಆಮೇಲೆ ನೆನಪಾಗಿ, "ಈಗ ಬಂತ್ರೀ ಮೇಡಂ ಸೌಂಡು, ಈಗ ಬಂತು" ಎಂದೆ.

ಆಕೆ ನನ್ನನ್ನೇ ನೋಡಿದಳು. "ತಿಳಿಸ್ತೀವಿ" ಎಂದು ಹೋದಳು.

"ಏನಂದ್ರು?" ಮೂವರೂ ಒಟ್ಟಿಗೆ.

"ತಿಳಿಸ್ತೀವಿ ಅಂದ್ರು. ಸೌಂಡ್ ಬಾಳ ಛಲೋ ಇತ್ತು, ಯಾರು ಕಟ್ಟಿದ್ದು ಅಂತ ಕೇಳಿದ್ರು."

"ಕೇಳಿರ್ತಾರ, ಕೇಳಿರ್ತಾರ. ಪೊಲೀಸರಿಗೆ ಹೇಳಾಕ" ಎಂದಳು ಅಕ್ಕ.

ಅದಾದ ಮೇಲೆ ನಮ್ಮ ಮನೆಯಲ್ಲಿ ಮಾತು ಕಡಿಮೆಯಾಯಿತು. ಗುಂಡಿ ಒತ್ತಿ ಮೇಡಂನನ್ನು ಓಡಿಸಿದವನು ನಾನೇ, ತಡವಾದದ್ದೂ ನನ್ನಿಂದಲೇ, ಹಾಡು ಹೋದರೆ ನನ್ನಿಂದಲೇ ಹೋಯಿತು ಎಂಬುದು ತೀರ್ಮಾನವಾಗಿತ್ತು. ರೊಟ್ಟಿ ತಟ್ಟೆಗೆ ಬೀಳುವ ಸದ್ದಿನಲ್ಲೇ ನನಗೆ ಎಲ್ಲವೂ ತಿಳಿಯುತ್ತಿತ್ತು. ಮುಂದೆ ಕೂತು ಎಂಥೆಂಥ ಹಳೆಯ ಮಸ್ಕಿರಿ ತೆಗೆದರೂ ಹೆಂಡತಿ ನಗಲಿಲ್ಲ. ಫೋನ್ ರಿಂಗಾದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದಳು. ಪ್ರತಿ ಸಲ ಬೇರೆ ಯಾರೋ. ಮಸ್ಕಿಗೆ ದಿನಾ ಫೋನ್ ಮಾಡಿ, "ಹೆಂಗೈತಿ ಕೆಮ್ಮು?" ಎಂದು ಕೇಳುತ್ತಿದ್ದಳು.

ಕೊನೆಗೆ ಒಂದು ಬೆಳಿಗ್ಗೆ ಆ ಮೇಡಂದೇ ಫೋನ್ ಬಂತು.

"ಹೂಂರಿ... ಹೌದ್ರಿ... ಯವ್ವಾ, ಖರೇನ್ರಿ?" ಎಂದಳು ನನ್ನ ಹೆಂಡತಿ.

"ಸ್ಪೀಕರ್ ಹಚ್ಚು" ಎಂದೆ. ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿದಳು.

"ಹೌದೇನ್ರಿ? ಇಲ್ರಿ, ನಮಗ ಗೊತ್ತ ಇಲ್ರಿ. ಹಂಗ ಮಾಡಿದ್ರಾ?" ಎನ್ನುತ್ತಾ ನನ್ನನ್ನು ನೋಡಿದಳು.

"ಸ್ಪೀಕರ್ ಹಚ್ಚಲೇ, ನಾನೂ ಕೇಳ್ತೀನಿ!"

ಎದ್ದು ಅಂಗಳಕ್ಕೆ ಹೋಗಿಬಿಟ್ಟಳು. ಬಾಗಿಲಿಗೆ ಕಿವಿಯಿಟ್ಟೆ, ಬರೀ ಹೂಂ, ಹೂಂ. ಒಳಗೆ ಬಂದವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಕರದಾರ. ಪೂರಾ ಹಾಡು ಸ್ಟುಡಿಯೋದಾಗ ಹಿಡೀತಾರಂತ. ಕಡೇ ನುಡಿ ಎಲ್ಲೂ ಕೇಳಿದ್ದಿಲ್ಲ ಅಂದ್ರು."

"ನಾ ಹೇಳಿದ್ನಿಲ್ಲ, ಸೌಂಡ್ ಛಲೋ ಇತ್ತು ಅಂತ!"

"ಎರಡು ನುಡಿಗೇ ಸಾಕು ಅಂದಿದ್ರಂತ ಅವ್ರು. ನಿಮಗ ಕೇಳಿದ್ದಿಲ್ಲೇನು?"

"ಆ ಹೆಡ್‌ಫೋನ್ ಬರೋಬ್ಬರಿ ಇರಲಿಲ್ಲ."

"ಹೌದೌದು." ಒಲೆಯ ಕಡೆ ತಿರುಗಿದಳು. ಬೆನ್ನು ಅಲ್ಲಾಡುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ಹಿಂದಿನಿಂದ ತಿಳಿಯಲಿಲ್ಲ. "ಇನ್ನೊಂದು ಹೇಳ್ಯಾರ. ಆ ಮೈಕಿನ ಅಜ್ಜನ್ನ ಮಾತ್ರ ಕರ್ಕೊಂಡು ಬರಬ್ಯಾಡ್ರಿ ಅಂತ."

"ಹಂಗಂದ್ರಾ? ಆಣಿ ಮಾಡು."

"ಫೋನ್ ನನ್ನ ಕಿವ್ಯಾಗ ಇತ್ತು. ಅವ್ರಂದದ್ದು ನಾ ಹೇಳೀನಿ."

ಹೋಗುವ ದಿನ ಅವರ ಚೀಲ ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದವನು ನಾನೇ. ಮೂವರೂ ಬಸ್ಸಿನೊಳಗೆ ಕೂತ ಮೇಲೆ ಅಕ್ಕ ಕಿಟಕಿಯಿಂದ ತಲೆ ಹಾಕಿ, "ಏ ಮೈಕಪ್ಪ, ನೀ ಯಾಕ ಹತ್ತವಲ್ಲಿ?" ಎಂದಳು.

"ನನ್ನ ಕರ್ಕೊಂಡು ಬರಬ್ಯಾಡ್ರಿ ಅಂದಾರಂತಲ್ಲ ಅಕ್ಕಾರ."

"ಯಾರಂದಾರ? ನಿನ್ನೆ ಆ ಮೇಡಂ ನನಗೂ ಫೋನ್ ಮಾಡಿದ್ಲು. ಅಂಥಾದ್ದೇನೂ ಅನ್ನಲಿಲ್ಲಪ್ಪ."

ಹೆಂಡತಿಯನ್ನು ನೋಡಿದೆ. ಅವಳು ಮುಂದಿನ ಸೀಟಿನ ಕಂಬಿ ಹಿಡಿದು, ಕಂಡಕ್ಟರನ ಬೋಳುತಲೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದಳು. "ಲೇ" ಎಂದೆ. ಕೇಳಿಸಲಿಲ್ಲವೆಂಬಂತೆ ಕಿವಿ ಮುಟ್ಟಿ ಕೈ ಆಡಿಸಿದಳು. ಬಸ್ಸು ಹೊರಟಿತು.